ಮಾರ್ಕೋನಹಳ್ಳಿ ಡ್ಯಾಮಲ್ಲಿ ಗಾಳಕ್ಕೆ ಬರೀ ಜಿಲೇಬಿ ಮೀನು!

ಕುಣಿಗಲ್ ಹುಡುಗ: ಎರೆಹುಳ ಹಾಕಿ ಕೂತರೆ ಅಂಗೈಯಗಲದ ಜಿಲೇಬಿಗಳೇ (ತಿಲಾಪಿಯಾ) ಬರ್ತವೆ. ಕಾಟ್ಲಾ ಬೀಳೋಕೆ ಏನ್ ಮಾಡ್ಬೇಕು? ಬಿದಿರು ಕೋಲು ಮಾತ್ರ ಇದೆ, ರೀಲ್ ಇಲ್ಲ.

ಶಿಂಷಾ ದಡದವ: ತಮ್ಮಾ, ಹುಳ ಕಂಡ್ರೆ ಜಿಲೇಬಿ ಬೇರೆಯವಕ್ಕೆ ಬಿಡಲ್ಲ. 1952ರಲ್ಲಿ ಭಾರತಕ್ಕೆ ತಂದ ಮೀನದು, ಈಗ ಎಲ್ಲಾ ಕಡೆ ಅದರದ್ದೇ ಕಾರುಬಾರು. ಮೊಟ್ಟೆ, ಮರಿ ಬಾಯಲ್ಲೇ ಇಟ್ಕೊಂಡು ಕಾಯೋ ಜಾತಿ, ಕಮ್ಮಿ ಆಗೋದೆಲ್ಲಿಂದ! ಹುಳ ಬಿಡು. ಕಡಲೆಕಾಯಿ ಹಿಂಡಿ ನೆನೆಸಿ, ತೌಡು ಕಲಸಿ, ಗಾಳದ ಸುತ್ತ ನಿಂಬೆಹಣ್ಣಿನ ಗಾತ್ರ ಮೆತ್ತು. ನೀರಿಗೆ ಬಿದ್ದ ತಕ್ಷಣ ಒಡೀಬಾರದು, ನಿಧಾನಕ್ಕೆ ಉದುರ್ತಾ ಇರಬೇಕು. ಕಾಟ್ಲಾ ಮೇಲ್ನೀರಲ್ಲಿ ಮೇಯುತ್ತೆ, ಬೆಂಡಿಂದ ಗಾಳಕ್ಕೆ ಎರಡಡಿ ಸಾಕು. ರೋಹು ನಡುನೀರು, ಮೃಗಾಲ್ ತಳ.

ಗಾಳದ ಗೌಡ: ದೊಡ್ಡ ಕಾಟ್ಲಾ ಎಳೆದ್ರೆ ಆ ಕೋಲಲ್ಲಿ ದಾರ ಉಳಿಯಲ್ಲ ಗುರೂ. ಮೊದಲು ರೀಲ್ ತಗೋ. ಮೀನು ಗುತ್ತಿಗೆ ಯಾರದ್ದು ಅಂತಾನೂ ಕೇಳ್ಕೊಂಡು ಹೋಗು. ಮಳೆಗಾಲದಲ್ಲಿ ಸೈಫನ್ ಹತ್ರ ಕೂರಬೇಡ, ಡ್ಯಾಮ್ ತುಂಬಿದ್ರೆ ಅದು ತಾನಾಗೇ ನೀರು ಬಿಡುತ್ತೆ.

ಕುಣಿಗಲ್ ಹುಡುಗ: ಹಿಂಡಿ ಮನೇಲೇ ಇದೆ ಅಣ್ಣ, ಹಸುಗೆ ತಂದಿದ್ದು. ತೌಡಿನ ಬದಲು ರಾಗಿ ಹಿಟ್ಟು ನಡೆಯುತ್ತಾ?

ಶಿಂಷಾ ದಡದವ: ನಡೆಯುತ್ತೆ. ಹಸಿ ಹಿಟ್ಟು ಬೇಡ, ಗಟ್ಟಿಯಾಗಿ ಮುದ್ದೆ ತೊಳಸ್ಕೊಂಡು ಹೋಗು.