ಸಹಾಯ ಬೇಕು: ನಾನು ಎಣಿಸದಿದ್ದರೆ ಪಿಲಾಟೆಸ್ ಅಭ್ಯಾಸವೇ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಆರು ವರ್ಷಗಳಿಂದ ಚಾಪೆಯ ಮೇಲಿನ ಪಿಲಾಟೆಸ್ (ಉಸಿರಿನ ಲಯಕ್ಕೆ ತಕ್ಕಂತೆ ನಿಧಾನವಾಗಿ ಮಾಡುತ್ತ ಹೊಟ್ಟೆ, ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಪದ್ಧತಿ) ಕಲಿಸುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಐವತ್ತು ದಾಟಿದ ಮಹಿಳೆಯರು. ತರಗತಿಯಲ್ಲಿ ಚೆನ್ನಾಗಿಯೇ ಮಾಡುವ ಇವರು, ಎರಡು ವಾರ ಊರಿಗೆ ಹೋಗಿ ಬಂದರೆ, "ನೀವಿಲ್ಲದೆ ಏನೂ ಮಾಡಲಾಗಲಿಲ್ಲ ಮೇಡಂ" ಎನ್ನುತ್ತಾರೆ. ತಮ್ಮ ಪದ್ಧತಿಯನ್ನು 'ಕಂಟ್ರಾಲಜಿ' (ದೇಹವನ್ನು ಹಿಡಿತದಲ್ಲಿಡುವ ವಿದ್ಯೆ) ಎಂದು ಕರೆದು, ಮನೆಯಲ್ಲಿ ತಾವಾಗಿಯೇ ಮಾಡಿಕೊಳ್ಳಲೆಂದು 1945ರಲ್ಲಿ 34 ವ್ಯಾಯಾಮಗಳನ್ನು ಬರೆದುಕೊಟ್ಟ ಜೋಸೆಫ್ ಪಿಲಾಟೆಸ್ ಅವರ ಆಶಯಕ್ಕೆ ಇದು ವಿರುದ್ಧವಲ್ಲವೇ ಎಂದು ನನಗೆ ಬಹಳ ಬೇಸರವಾಗುತ್ತದೆ.

ವಿಡಿಯೊ ಮಾಡಿ ಕಳಿಸಿದೆ. ಆಗ ನನ್ನ ಬದಲು ಮೊಬೈಲನ್ನು ನೋಡತೊಡಗಿದರು. ಪಟ್ಟಿ ಬರೆದುಕೊಟ್ಟದ್ದೂ ಉಪಯೋಗಕ್ಕೆ ಬರಲಿಲ್ಲ. ಕಳೆದ ತಿಂಗಳಿಂದ ಸೂಚನೆಗಳನ್ನೇ ಕಡಿಮೆ ಮಾಡುತ್ತಿದ್ದೇನೆ, ಗೊಂದಲವಿರುವುದು ಅಲ್ಲಿಯೇ. 'ಹಂಡ್ರೆಡ್' ವ್ಯಾಯಾಮದಲ್ಲಿ (ಅಂಗಾತ ಮಲಗಿ ತಲೆ ಎತ್ತಿ, ನೂರು ಎಣಿಸುವವರೆಗೆ ಕೈಗಳನ್ನು ಮೇಲೆ ಕೆಳಗೆ ಆಡಿಸುವುದು) ಐದು ಎಣಿಕೆಗೆ ಉಸಿರು ಒಳಗೆ, ಐದಕ್ಕೆ ಹೊರಗೆ ಎಂದು ನಾನು ಹೇಳದಿದ್ದರೆ ಕೆಲವರು ಉಸಿರು ಕಟ್ಟಿ ಕುತ್ತಿಗೆಯನ್ನು ಬಿಗಿಹಿಡಿಯುತ್ತಾರೆ. ಆಯಾಸವಾದರೆ ತಲೆಯನ್ನು ಚಾಪೆಗೆ ಇಳಿಸಬಹುದೆಂಬುದು ಗೊತ್ತಿದ್ದರೂ, ನಾನು ಹೇಳುವವರೆಗೆ ಇಳಿಸುವುದಿಲ್ಲ. ತಿದ್ದಿದರೆ ಮತ್ತೆ ನನ್ನ ಧ್ವನಿಗೇ ಕಾಯುತ್ತಾರೆ, ತಿದ್ದದಿದ್ದರೆ ನೋವಾದೀತೆಂಬ ಭಯ.

ಅನುಭವವಿರುವ ಬೋಧಕರು ಮತ್ತು ಫಿಸಿಯೋಥೆರಪಿಸ್ಟರು ದಯವಿಟ್ಟು ತಿಳಿಸಿ: ಎಣಿಕೆ, ಉಸಿರಿನ ಸೂಚನೆ, ಭಂಗಿಯ ತಿದ್ದುಪಡಿ, ಈ ಮೂರರಲ್ಲಿ ಯಾವುದನ್ನು ಮೊದಲು ಬಿಡಬೇಕು? ತಪ್ಪು ಕಂಡ ಮೇಲೆ ಎಷ್ಟು ಹೊತ್ತು ಸುಮ್ಮನಿರುವುದು ಸುರಕ್ಷಿತ?