‘ಇಂಟೆಗ್ರಿಟಿ’ಗೆ ಯಾವ ಪದ? ಫಲಕ ಬರೆಸಬೇಕು, ತುರ್ತು

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿಗಳ ತರಬೇತಿ ಕೇಂದ್ರಕ್ಕೆ ಒಂದು ಫಲಕ ಆಗಬೇಕು. ಏಪ್ರಿಲ್ 21ರ ನಾಗರಿಕ ಸೇವಾ ದಿನಕ್ಕೆ ತೂಗುಹಾಕ್ತಾರೆ. ಅಖಿಲ ಭಾರತ ಸೇವೆಗಳ (ಐಎಎಸ್, ಐಪಿಎಸ್‌ನಂಥವು) 1968ರ ನಡತೆ ನಿಯಮದಲ್ಲಿ ಅಧಿಕಾರಿಗೆ ಮೊದಲಿಗೆ ಎರಡು ಗುಣ ಹೇಳಿದೆ: ಸಂಪೂರ್ಣ ಇಂಟೆಗ್ರಿಟಿ, ಕರ್ತವ್ಯದಲ್ಲಿ ಶ್ರದ್ಧೆ. ಎರಡನೆಯದು ಸರಿಹೋಯಿತು. ಮೊದಲನೆಯದಕ್ಕೆ ಕರಡಿನಲ್ಲಿ ‘ನಿಷ್ಠೆ’ ಅಂತಿದೆ. ಒಬ್ಬರು ಅದನ್ನೂ ಹೊಡೆದು ‘ದೇಶಭಕ್ತಿ’ ಅಂತ ಬರೆದಿದ್ದಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ನಾಳೆ ಸಂಜೆಯೊಳಗೆ ಪದ ಬೇಕು.

ಮರು:
‘ನಿಯತ್ತು’ ಅನ್ನಿ. ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮರು:
ನಿಯತ್ತು ಅರಬ್ಬಿ. ನಮ್ಮದೇ ಬೇರು ಇರುವಾಗ ಯಾಕೆ ಸಾಲ? ‘ನೇರ್ನಡೆ’ ಅನ್ನಿ. ಅದೇ ಅರ್ಥದ ಸಂಸ್ಕೃತದ ‘ಋಜುತ್ವ’ವಂತೂ ಬೇಡವೇ ಬೇಡ. ಕಚೇರಿಯಲ್ಲಿ ರುಜು ಹಾಕೋದು ಅಂದ್ಕೋತಾರೆ.

ಮರು:
ಅರಬ್ಬಿ ಅನ್ನೋದು ಕಾರಣವೇ ಅಲ್ಲ ಸಾರ್. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತಿದೆ. ಅದರ ಮೊದಲ ಪದವೇ ಪಾರಸಿ. ಜಿಲ್ಲೆ, ತಹಶೀಲ್ದಾರ್, ಖಜಾನೆ, ಜಮಾಬಂದಿ, ವಜಾ... ಇವನ್ನೆಲ್ಲ ಹೊರಗೆ ಹಾಕಿದರೆ ಕಂದಾಯ ಇಲಾಖೆಯಲ್ಲಿ ಒಂದು ಕಡತವೂ ಮುಂದೆ ಹೋಗಲ್ಲ. ನಿಯತ್ತು ಬೇಡ ಅನ್ನಲು ನನ್ನ ಕಾರಣ ಬೇರೆ. ಮೂಲದಲ್ಲಿ ಅದಕ್ಕೆ ‘ಉದ್ದೇಶ’ ಅಂತ ಅರ್ಥ. ಕನ್ನಡಕ್ಕೆ ಬಂದ ಮೇಲೆ ಅನ್ನ ಹಾಕಿದವರಿಗೆ ಎರಡು ಬಗೆಯದಿರೋದು ಅಂತಾಯಿತು. ನಾಯಿಗೆ ನಿಯತ್ತು ಅಂತೀವಲ್ಲ, ಅದೇ. ಹಳಗನ್ನಡದ ‘ಜೋಳವಾಳಿ’ಯೂ ಇದೇ: ಒಡೆಯನ ಜೋಳ ಉಂಡಿದ್ದಕ್ಕೆ ಪ್ರಾಣ ಕೊಟ್ಟು ತೀರಿಸೋದು. ಹಳೇಬೀಡಿನಲ್ಲಿ ಹೊಯ್ಸಳ ದೊರೆ ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರ ಲಕ್ಷ್ಮನ ಕಂಬ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇವತ್ತಿನ ಅಧಿಕಾರಿಗೆ ಒಡೆಯ ಯಾರು? ಮಂತ್ರಿಯಲ್ಲ. ‘ನಿಷ್ಠೆ’ ಅಂತ ಬರೆದರೆ ‘ಯಾರಿಗೆ?’ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತದೆ.

‘ದೇಶಭಕ್ತಿ’ಯೂ ಇಲ್ಲಿಗೆ ಹೊಂದಲ್ಲ. ಏಪ್ರಿಲ್ 21 ಬಂದಿದ್ದು ಎಲ್ಲಿಂದ ನೋಡಿ. 1947ರ ಆ ದಿನ ದೆಹಲಿಯ ಮೆಟ್‌ಕಾಫ್ ಹೌಸ್‌ನಲ್ಲಿ ಸರ್ದಾರ್ ಪಟೇಲರು ಹೊಸ ಅಧಿಕಾರಿಗಳ ಜೊತೆ ಮಾತಾಡಿದರು. ಸ್ವಾತಂತ್ರ್ಯಕ್ಕೆ ನಾಲ್ಕೇ ತಿಂಗಳಿತ್ತು. ದೇಶಪ್ರೇಮ ಉಕ್ಕಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಾ? ಆದರೂ ಅವರು ಎಲ್ಲಕ್ಕಿಂತ ಮಿಗಿಲಾಗಿ ಕೇಳಿದ್ದು ಪಕ್ಷಪಾತವಿಲ್ಲದ, ಲಂಚಕ್ಕೆ ಬಗ್ಗದ ಆಡಳಿತ. ದೇಶಕ್ಕೆ ಸಲ್ಲಿಸೋ ಸೇವೆ ಅದರೊಳಗೇ ಇದೆ ಅಂತ ನನ್ನ ನಂಬಿಕೆ.

ಮರು:
ಹಾಗಾದರೆ ‘ಪ್ರಾಮಾಣಿಕತೆ’. ಮುಗೀತಲ್ಲ.

ಮರು:
ಮುಗಿದಿಲ್ಲ. ಅದು ‘ಆನೆಸ್ಟಿ’ ಅನ್ನೋ ಇಂಗ್ಲಿಷ್ ಪದಕ್ಕೆ ಬೇಕು. ಬ್ರಿಟನ್ನಿನ ನೋಲನ್ ಸಮಿತಿ 1995ರಲ್ಲಿ ಸಾರ್ವಜನಿಕ ಬದುಕಿಗೆ ಏಳು ತತ್ವ ಪಟ್ಟಿ ಮಾಡಿತು. ಅಲ್ಲಿ ಇಂಟೆಗ್ರಿಟಿ ಬೇರೆ, ಆನೆಸ್ಟಿ ಬೇರೆ. ಇಂಟೆಗ್ರಿಟಿ ಅಂದರೆ, ಕೆಲಸದ ಮೇಲೆ ಪ್ರಭಾವ ಬೀರಬಲ್ಲ ಹೊರಗಿನವರಿಗೆ ಹಣದಿಂದಾಗಲಿ ಇನ್ನೊಂದರಿಂದಾಗಲಿ ಕಟ್ಟುಬೀಳದಿರುವುದು. ಇದನ್ನು ಓದಿದ ಕೂಡಲೇ ನನಗೆ ನಮ್ಮ ತಂದೆಯ ಮಾತು ನೆನಪಾಯಿತು.

ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ದೀಪಾವಳಿ ಹಿಂದಿನ ದಿನ ಒಬ್ಬರು ಗೋಡಂಬಿ ಡಬ್ಬ ತಂದು ಜಗಲಿ ಮೇಲಿಟ್ಟು ಹೋದರು. ನಾನು ದಾರ ಬಿಚ್ಚಲು ಕೈ ಹಾಕಿದ್ದೆ. ತಂದೆ ಗದರಲಿಲ್ಲ. ದಾರದ ಗಂಟು ಮತ್ತೆ ಬಿಗಿದು, ಅದೇ ಡಬ್ಬವನ್ನು ನನ್ನ ಕೈಯಲ್ಲೇ ವಾಪಸ್ ಕಳಿಸಿದರು. ‘ಹಬ್ಬ ನಮ್ಮ ಬೆಲ್ಲದಲ್ಲೇ ಆಗುತ್ತೆ ಮಗ, ಯಾರ ಹಂಗೂ ಬೇಡ’ ಅಂದರು. ನಮಗೆ ಬೇಕಾದ ಪದ ಆ ‘ಹಂಗು’. ಜೋಳವಾಳಿ ಹಂಗನ್ನು ತೀರಿಸೋದು. ಇಂಟೆಗ್ರಿಟಿ ಹಂಗಿಗೇ ಬೀಳದಿರೋದು. ‘ಹಂಗಿಲ್ಲದ ನಡತೆ’ ಅನ್ನಿ.

ಮರು:
‘ಹಂಗಿಲ್ಲದ’ ಅಂದರೆ ಲೆಕ್ಕಿಸದ ಅನ್ನೋ ಅರ್ಥವೂ ಬರುತ್ತದೆ, ‘ಪ್ರಾಣದ ಹಂಗಿಲ್ಲದೆ’ ಅಂತೀವಲ್ಲ ಹಾಗೆ. ನೇರ್ನಡೆಯೇ ಸರಿ.

ಮರು:
ಕೇಳಿದವಳು ನಾನೇ. ಆ ಆಕ್ಷೇಪ ನ್ಯಾಯವಾದದ್ದು, ಅದಕ್ಕೇ ಸ್ವಲ್ಪ ಬಿಡಿಸಿ ಬರೆದೆ: ‘ಯಾರ ಹಂಗಿಗೂ ಬೀಳದ ನಡತೆ, ಕರ್ತವ್ಯದಲ್ಲಿ ಶ್ರದ್ಧೆ’. ಫಲಕ ಬರೆಯುವವರನ್ನು ಕೇಳಿದೆ, ಎರಡು ಸಾಲಿಗೆ ಹಿಡಿಸುತ್ತದಂತೆ. ನಾಳೆ ಬೆಳಿಗ್ಗೆ ಕಳಿಸುತ್ತೇನೆ. ಕಾಗುಣಿತದ ತಪ್ಪಿದ್ದರೆ ಇವತ್ತು ರಾತ್ರಿಯೇ ಹೇಳಿ.