ನಮ್ಮನೆ ಮಂದಿ: ಕಲ್ಲಿಲ್ಲದ ಪಿತ್ತಕೋಶಕ್ಕೆ ಪೈಪ್ ಯಾಕೆ?

ದೊಡ್ಡಪ್ಪ: (ಫಾರ್ವರ್ಡ್) ಪಿತ್ತಕೋಶದ ಊತಕ್ಕೆ ಆಪರೇಷನ್ ಬೇಡ!! 5 ದಿನ ಸೇಬಿನ ರಸ, 6ನೇ ರಾತ್ರಿ ಎಪ್ಸಮ್ ಸಾಲ್ಟ್, ಆಲಿವ್ ಎಣ್ಣೆ, ನಿಂಬೆರಸ. ಬೆಳಗ್ಗೆ ಹಸಿರು ಕಲ್ಲೆಲ್ಲ ಹೊರಗೆ!! 10 ಜನಕ್ಕೆ ಕಳಿಸಿ 🙏

ದೊಡ್ಡಪ್ಪ: ರಘು, ಐಸಿಯುನಲ್ಲಿರೋ ನಿಮ್ಮಪ್ಪನ ಪಿತ್ತಕೋಶಕ್ಕೆ ಪೈಪ್ ಹಾಕೋ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆ ಓದು.

ಶ್ವೇತಾ: ಚಿಕ್ಕಪ್ಪನಿಗೆ ಕಲ್ಲೇ ಇಲ್ವಲ್ಲ ದೊಡ್ಡಪ್ಪ, ಹೊರಗೆ ಬರೋದೇನು? ಆ ಹಸಿರು ಉಂಡೆ ಎಣ್ಣೆ, ನಿಂಬೆರಸ ಹೊಟ್ಟೇಲಿ ಸೇರಿ ಆಗೋ ಸೋಪು. ಪರೀಕ್ಷೆ ಮಾಡಿ 2005ರಲ್ಲೇ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದಿದಾರೆ.

ದೊಡ್ಡಪ್ಪ: ನಾನು ಕೇಳ್ತಿರೋದೂ ಅದೇ. ಕಲ್ಲಿಲ್ಲ ಅಂತ ಸ್ಕ್ಯಾನಿಂಗಲ್ಲೇ ಇದೆ. ಮತ್ತೆ ಪೈಪ್ ಯಾಕೆ? ಬಿಲ್ ಬೆಳೆಸೋಕೆ.

ವಾಣಿ ಅತ್ತೆ: ನಮ್ಮ ಚಿನ್ನುಗೆ ಡೆಂಗಿ ಬಂದಾಗ್ಲೂ ಪಿತ್ತಕೋಶದ ಗೋಡೆ ದಪ್ಪ ಆಗಿತ್ತು. ಬರೀ ಡ್ರಿಪ್ಸಲ್ಲೇ ಇಳೀತು.

ಶ್ವೇತಾ: ಡೆಂಗಿಯಲ್ಲಿ ರಕ್ತನಾಳದಿಂದ ನೀರು ಸೋರಿ ಗೋಡೆ ಊದತ್ತೆ ಅತ್ತೆ, ಸಾಮಾನ್ಯವಾಗಿ ತಾನಾಗೇ ಇಳಿಯತ್ತೆ. ಪ್ಲೇಟ್‌ಲೆಟ್ ಕಮ್ಮಿ ಇರುವಾಗ ಕೊಯ್ದ್ರೇ ಅಪಾಯ. ಚಿಕ್ಕಪ್ಪಂದು ಹಾಗಲ್ಲ. ಆಕ್ಸಿಡೆಂಟ್ ಆದಾಗಿಂದ ವೆಂಟಿಲೇಟರು, ಬಾಯಿಗೆ ಏನೂ ಹೋಗಿಲ್ಲ. ತಿಂದ್ರೆ ತಾನೇ ಪಿತ್ತಕೋಶ ಹಿಂಡಿ ಪಿತ್ತ ಹೊರಗೆ ಹಾಕೋದು? ನಿಂತ ಪಿತ್ತ ಮಂದ ಆಗತ್ತೆ, ಬಿಪಿ ಬಿದ್ದಾಗ ಗೋಡೆಗೆ ರಕ್ತಾನೂ ಸಾಲಲ್ಲ. ಗೋಡೆ ಕೊಳೆತು ತೂತು ಬೀಳಬಹುದು. ಕಲ್ಲಿರೋರಿಗಿಂತ ಇವರಿಗೇ ಆ ಭಯ ಜಾಸ್ತಿ.

ರಘು: ಗೋಡೆ 6 ಎಂ.ಎಂ. ಅಂತ ಬರೆದಿದಾರೆ. ಸುತ್ತ ನೀರೂ ಇದೆಯಂತೆ.

ಶ್ವೇತಾ: 3ರ ಆಸುಪಾಸಲ್ಲಿ ಇರಬೇಕಿತ್ತು ಕಣೋ.

ದೊಡ್ಡಪ್ಪ: ಹಾಗಾದ್ರೆ ತೆಗೆದೇ ಬಿಡ್ಲಿ. ಈಗ ಪೈಪು, ಆಮೇಲೆ ಆಪರೇಷನ್ನು, ಎರಡೆರಡು ಖರ್ಚು ಯಾಕೆ?

ರಘು: ಅಪ್ಪ ಅನಸ್ತೇಷಿಯಾ ತಡೆಯೋ ಸ್ಥಿತೀಲಿಲ್ಲ ದೊಡ್ಡಪ್ಪ. ಸ್ಕ್ಯಾನ್ ನೋಡ್ಕೊಂಡೇ ಚರ್ಮದ ಮೂಲಕ ಸಣ್ಣ ಪೈಪ್ ತೂರಿಸಿ, ಪಿತ್ತ ಎಲ್ಲ ಹೊರಗಿನ ಚೀಲಕ್ಕೆ ಇಳಿಸ್ತಾರಂತೆ. ಆ ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್. ಜೊತೆಗೆ ಆ್ಯಂಟಿಬಯೋಟಿಕ್.

ಶ್ವೇತಾ: ಕಲ್ಲಿಲ್ಲದೋರಿಗೆ ಎಷ್ಟೋ ಸಲ ಅಷ್ಟರಲ್ಲೇ ಮುಗಿಯತ್ತೆ, ಪಿತ್ತಕೋಶ ತೆಗೆಯೋದೇ ಬೇಕಾಗಲ್ಲ.

ದೊಡ್ಡಪ್ಪ: ನನಗೆ ಸಮಾಧಾನ ಇಲ್ಲ. ಇನ್ನೊಬ್ಬ ಡಾಕ್ಟರನ್ನ ಕೇಳಿ.

ಶ್ವೇತಾ: ರಿಪೋರ್ಟ್ ಫೋಟೋ ಹಾಕು ರಘು, ನಾನು ಕೆಲಸ ಮಾಡೋ ವಾರ್ಡಿನ ಸರ್ಜನ್‌ಗೆ ಈಗಲೇ ತೋರಿಸ್ತೀನಿ. ನಾಳೆ ನೋಡೋಣ ಅನ್ನೋ ಮಾತು ಮಾತ್ರ ಬೇಡ.

(40 ನಿಮಿಷದ ನಂತರ)

ಶ್ವೇತಾ: ಅವರೂ ಪೈಪ್ ಹಾಕ್ಸಿ ಅಂದ್ರು.

ದೊಡ್ಡಪ್ಪ: ಇನ್ಶೂರೆನ್ಸ್ ಬರತ್ತಾ?

ರಘು: ಬರತ್ತೆ. ಸಹಿ ಹಾಕ್ತಿದೀನಿ.

ದೊಡ್ಡಪ್ಪ: ಹಾಕು ಮಗಾ. ಹುಷಾರಾದ್ಮೇಲೆ ಸೇಬಿನ ರಸ ಆದ್ರೂ ಕೊಡಬಹುದು ತಾನೆ?

ಶ್ವೇತಾ: ಡಾಕ್ಟರ್ ಬಾಯಿಗೆ ಕೊಡಿ ಅಂದ ದಿನ ಕೊಡಿ. ಎಣ್ಣೆ ಬೇಡ.